ಕನ್ನಮ್ಮನ ಕೊನೆಯ ಭರಣಿ

ಜನವರಿ 20, 2025, ಸೋಮವಾರ

ಈ ಡೈರಿ ಸೊಸೆ ಆಶಾ ತಂದುಕೊಟ್ಟದ್ದು. ಅವಳು ಕೆಲಸ ಮಾಡುವ ಸೊಸೈಟಿಯಲ್ಲಿ ಹೊಸ ವರ್ಷಕ್ಕೆ ಕೊಟ್ಟರಂತೆ. ಏನಾದರೂ ಬರೆಯಿರಿ ಮಾವ, ಹೊತ್ತು ಹೋಗುತ್ತದೆ ಎಂದಳು. ಆಯುಷ್ಯವೆಲ್ಲ ಕರೆಂಟಿನ ಕಂಬ ಹತ್ತಿದ ಲೈನ್‌ಮನ್ನಿಗೆ ಬರೆಯುವುದೇನಿರುತ್ತದೆ ಎಂದು ಬೀರುವಿನ ಮೇಲೆ ಎಸೆದಿದ್ದೆ. ಇವತ್ತು ತೆಗೆದೆ. ಹೇಳಿಕೊಳ್ಳಲು ಹೆಂಡತಿ ಕನ್ನಮ್ಮ ಇದ್ದಿದ್ದರೆ ತೆಗೆಯುತ್ತಿರಲಿಲ್ಲ.

ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆ. ಕನ್ನಡಕ ಬದಲಾಯಿಸಲು ಹೋದವನಿಗೆ ಗ್ಲುಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತಿದೆಯಂತೆ. ಎಡಗಣ್ಣಿನ ಅಂಚು ಆಗಲೇ ಹೋಗಿದೆಯಂತೆ, ನನಗೆ ಗೊತ್ತೇ ಆಗಿರಲಿಲ್ಲ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಸಾಯುವ ತನಕ ಹನಿ ಬಿಡಬೇಕು. ಎರಡು ಬಾಟಲಿ ಕೊಟ್ಟಿದ್ದಾರೆ. ಒಂದು ಮಲಗುವಾಗ. ಇನ್ನೊಂದು ಮಜ್ಜಿಗೆ ನೀರಿನ ಹಾಗೆ ಬೆಳ್ಳಗಿದೆ, ಕುಲುಕಿ ದಿನಕ್ಕೆ ಮೂರು ಸಲ. ಅಲ್ಲಿನ ನರ್ಸ್ ಹನಿ ಬಿಡುವ ಕ್ರಮವನ್ನು ಬಹಳ ಹೊತ್ತು ವಿವರಿಸಿದಳು. ಹೋದದ್ದು ಬರುವುದಿಲ್ಲ ಎಂಬ ಮಾತು ಕಿವಿಯಲ್ಲೇ ಕೂತಿತ್ತು, ಅವಳು ಹೇಳಿದ್ದು ಒಳಗೆ ಇಳಿಯಲಿಲ್ಲ. ಹನಿ ಬಿಡುವುದರಲ್ಲಿ ಕಲಿಯುವುದೇನಿದೆ.

ಮರೆಯಬಾರದೆಂದು ಊಟಕ್ಕೆ ಜೋಡಿಸಿಕೊಂಡಿದ್ದೇನೆ. ತಿಂಡಿಗೆ ಮುಂಚೆ, ಮಧ್ಯಾಹ್ನದ ಊಟಕ್ಕೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ. ತಟ್ಟೆಯ ಮುಂದೆ ಕೂರುವುದು, ಹನಿ ಬಿಟ್ಟುಕೊಳ್ಳುವುದು, ಉಣ್ಣುವುದು. ಕನ್ನಮ್ಮನ ಬಿಪಿ ಮಾತ್ರೆಗೂ ಇದೇ ಕ್ರಮ ಮಾಡಿಸಿದ್ದೆ.

ಜನವರಿ 23, ಗುರುವಾರ

ಬಿಳಿ ಹನಿ ಬಿಟ್ಟರೆ ಸ್ವಲ್ಪ ಹೊತ್ತು ಎಲ್ಲ ಮಬ್ಬು. ಕಣ್ಣು ಉರಿಯುತ್ತದೆ. ಅನ್ನ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಬೆರಳೇ ಹುಡುಕಬೇಕು. ಉಪ್ಪಿನಕಾಯಿಯ ಮಿಡಿ ಮಾತ್ರ ಕಾಣದಿದ್ದರೂ ಸಿಗುತ್ತದೆ, ಅದರ ಪರಿಮಳವೇ ಕರೆಯುತ್ತದೆ.

ಕನ್ನಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯಲ್ಲಿ ಉಳಿದಿರುವುದು ಇದೊಂದೇ ಭರಣಿ. ನಿಟ್ಟೂರಿನ ಅವಳ ತವರಿನಲ್ಲಿ ಹಳ್ಳದ ದಂಡೆಗೆ ಒಂದು ಮಾವಿನ ಮರವಿದೆ. ಮಿಡಿ ಬಲಿಯುವ ಮೊದಲೇ ಹೋಗಿ, ತಮ್ಮ ದುರ್ಗೇಶನನ್ನು ಮರ ಹತ್ತಿಸಿ, ಒಂದೂ ನೆಲಕ್ಕೆ ಬಿದ್ದು ಪೆಟ್ಟಾಗದ ಹಾಗೆ ಇಳಿಸಿಕೊಂಡು, ಚೀಲವನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತರುತ್ತಿದ್ದಳು. ಕಲ್ಲುಪ್ಪಿನಲ್ಲಿ ಮಿಡಿ ಸುಕ್ಕುಗಟ್ಟುವ ತನಕ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಕಳೆದ ವರ್ಷ ಮರ ಕಾಯಿ ಬಿಡಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಅವಳೂ ಹೋದಳು. ಈಗ ತಿನ್ನುತ್ತಿರುವುದು ಅದರ ಹಿಂದಿನ ವರ್ಷದ್ದು.

ತಿಥಿಯ ಲೆಕ್ಕದಲ್ಲಿ ಮಾರ್ಚ್ 23ಕ್ಕೆ ಅವಳ ವರ್ಷಾಂತಿಕ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ ದೀಪದ ಮುಂದೆ ಎಡೆ ಇಡುವುದು ನಮ್ಮ ಕ್ರಮ. ಅವಳ ಎಡೆಗೆ ಅವಳ ಕೈಯದ್ದೇ ಮಿಡಿ ಬಡಿಸಬೇಕು. ಅಲ್ಲಿಯ ತನಕ ಭರಣಿ ಬರಿದಾಗದ ಹಾಗೆ, ಕೆಡದ ಹಾಗೆ ನೋಡಿಕೊಳ್ಳುವುದು ಈಗ ನನಗಿರುವ ಒಂದೇ ಕೆಲಸ. ಒಣಗಿದ ಮರದ ಸೌಟು, ಒಣಗಿದ ಕೈ. ಮುಟ್ಟಾದ ದಿನಗಳಲ್ಲಿ ಕನ್ನಮ್ಮ ಭರಣಿಯ ಕಡೆ ತಲೆ ಹಾಕುತ್ತಿರಲಿಲ್ಲ, ಮಿಡಿ ಕೆಡುತ್ತದೆ ಎಂದು ಅವಳ ಅಮ್ಮ ಹೇಳಿಕೊಟ್ಟಿದ್ದರು. ಬಾಗಿಲಲ್ಲಿ ನಿಂತು ನನ್ನನ್ನು ಕೂಗುತ್ತಿದ್ದಳು. ನಾನು ಕೈ ತೊಳೆದು ಒರೆಸಿಕೊಂಡು ಮಿಡಿ ತೆಗೆದುಕೊಡುತ್ತಿದ್ದೆ. ಇಷ್ಟು ವರ್ಷಗಳಲ್ಲಿ ಅಡುಗೆಮನೆಯಲ್ಲಿ ನಾನು ಮಾಡಿದ ಕೆಲಸ ಅದೊಂದೇ.

ಜನವರಿ 31, ಶುಕ್ರವಾರ

ಕಾಫಿ ಕಹಿ. ಆಶಾ ಪುಡಿ ಬದಲಾಯಿಸಿದ್ದಾಳೆ ಎಂದುಕೊಂಡೆ. ಅದೇ ಪುಡಿಯಂತೆ, ಅದೇ ಅಂಗಡಿಯಂತೆ. ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡೆ. ಸಿಹಿ ಬೇರೆ, ಕಹಿ ಬೇರೆ ಎಂದು ಎರಡೂ ನಾಲಿಗೆಯ ಮೇಲೆ ಕೂತವು.

ಸಾಗರ ಪೇಟೆಯಲ್ಲಿ ಗಣೇಶ ಸಿಕ್ಕಿದ್ದ. ನನ್ನ ಜೊತೆಗೇ ಲೈನ್‌ಮನ್ ಆಗಿದ್ದವನು. ನನ್ನ ಕಣ್ಣು ನೋಡಿ ಪಕ್ಕಕ್ಕೆ ಕರೆದುಕೊಂಡು ಹೋದ. ಬೇಜಾರಾದರೆ ಮನೆಗೆ ಬಾ, ಆ ದಾರಿ ಮಾತ್ರ ಹಿಡಿಯಬೇಡ ಎಂದ. ಕೆಂಪಾಗಿರುವುದು ಔಷಧಿಯ ಹನಿಯಿಂದ ಎಂದೆ. ಅವನು ತಲೆಯಾಡಿಸಿದ ರೀತಿ ನೋಡಿದರೆ ನಂಬಲಿಲ್ಲ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವನಿಗೆ ಹೆಂಡತಿ ಸತ್ತ ಮೇಲೆ ಕುಡುಕನ ಪಟ್ಟ ಸಿಕ್ಕಿತು. ಹಾಗೆ ನೋಡಿದರೆ ನಾನು ಅತ್ತೂ ಇಲ್ಲ. ಅಳದೆ, ಕುಡಿಯದೆ ಕಣ್ಣು ಕೆಂಪು ಮಾಡಿಕೊಂಡು ತಿರುಗುತ್ತಿದ್ದೇನೆ.

ಫೆಬ್ರವರಿ 4, ಮಂಗಳವಾರ

ಸಾರು ಕಹಿ, ಪಲ್ಯ ಕಹಿ, ಮಜ್ಜಿಗೆ ಕೂಡ ಕಹಿ. ಹಾಗಲಕಾಯಿ ಹಾಕದೆ ಹಾಗಲಕಾಯಿಯ ರುಚಿ ತರುವುದೂ ಒಂದು ವಿದ್ಯೆಯೇ ಸರಿ. ಎಂತ ಹಾಕಿದ್ದೆ ಇದಕ್ಕೆ ಎಂದು ಆಶಾಳನ್ನು ಕೇಳಿದೆ. ದಿನಾ ಹಾಕುವುದೇ ಎಂದಳು. ಮಗ ಸಚಿನ್ ಎರಡು ಸಲ ಸಾರು ಹಾಕಿಸಿಕೊಂಡು ಉಂಡ. ಮೋಟಾರ್ ರಿಪೇರಿ ಅಂಗಡಿಯಲ್ಲಿ ಇಡೀ ದಿನ ವಾರ್ನಿಶ್ ವಾಸನೆ ಕುಡಿಯುವವನಿಗೆ ರುಚಿ ಎಲ್ಲಿ ತಿಳಿಯಬೇಕು.

ಆಶಾಗೆ ಅಡುಗೆಯ ಮೇಲೆ ಗಮನವಿಲ್ಲ. ಒಗ್ಗರಣೆ ಹಾಕುವಾಗ ವೇಲಿನಿಂದ ಮೂಗು ಮುಚ್ಚಿಕೊಳ್ಳುತ್ತಾಳೆ. ತಿಂಡಿ ತಿನ್ನದೆ ಸೊಸೈಟಿಗೆ ಹೋಗುತ್ತಾಳೆ, ಬಂದವಳೇ ಮಲಗುತ್ತಾಳೆ. ಈಗಿನವರಿಗೆ ಕುರ್ಚಿಯಲ್ಲಿ ಕೂತು ಬಂದರೂ ಆಯಾಸ.

ಇವತ್ತು ಮಿಡಿಯೂ ಕಹಿಯಾಯಿತು. ಪಲ್ಯದ ಕಹಿ ಬಾಯಿಗೆ ಅಂಟಿಕೊಂಡಿರಬೇಕು ಎಂದುಕೊಂಡು ನೀರು ಕುಡಿದು ಇನ್ನೊಂದು ಚೂರು ಕಚ್ಚಿದೆ. ಅದೂ ಹಾಗೇ.

ಫೆಬ್ರವರಿ 5, ಬುಧವಾರ

ಮಧ್ಯಾಹ್ನ ಹನಿ ಬಿಟ್ಟುಕೊಂಡು, ಅನ್ನ ಬಡಿಸಿಕೊಳ್ಳುವ ಮೊದಲು ಭರಣಿ ಇಳಿಸಿದೆ. ಬಾಯಿಗೆ ಕಟ್ಟಿದ ಬಟ್ಟೆ ಒಣಗಿಯೇ ಇದೆ. ಬೂಷ್ಟು ಇಲ್ಲ. ಪರಿಮಳ ಕೆಟ್ಟಿಲ್ಲ, ಮಿಡಿ ಮೆತ್ತಗೂ ಆಗಿಲ್ಲ. ಒಂದನ್ನು ಬಾಯಿಗಿಟ್ಟುಕೊಂಡೆ. ನುಂಗುವಷ್ಟರಲ್ಲಿ ಗಂಟಲ ಬುಡದಿಂದ ಅದೇ ಕಹಿ ಎದ್ದು ಬಂತು.

ಇನ್ನೊಂದು ವಿಷಯ. ಮಿಡಿ ನಾನು ಬಿಟ್ಟಿದ್ದಕ್ಕಿಂತ ಕೆಳಗೆ ಹೋಗಿದೆ. ಯಾರೋ ತೆಗೆಯುತ್ತಿದ್ದಾರೆ. ಸಚಿನ್ ಉಪ್ಪಿನಕಾಯಿ ಮುಟ್ಟುವವನಲ್ಲ.

ಫೆಬ್ರವರಿ 9, ಭಾನುವಾರ

ತಾಳಗುಪ್ಪದಲ್ಲಿ ವಿಶಾಲಮ್ಮನ ಮೊಮ್ಮಗಳ ಮದುವೆ. ವಿಶಾಲಮ್ಮ ನನ್ನ ದೊಡ್ಡಮ್ಮನ ಮಗಳು, ನನಗೆ ಅಕ್ಕ. ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಬಿಳಿ ಬಾಟಲಿ ಮನೆಯಲ್ಲೇ ಮರೆತು ಹೋಗಿದ್ದೆ. ಒಂದು ದಿನಕ್ಕೆ ಕಣ್ಣೇನೂ ಕಿತ್ತುಕೊಂಡು ಹೋಗುವುದಿಲ್ಲ.

ಎಂಥಾ ಊಟ. ಅನ್ನ ಸಾರೇ ಸಾಕಿತ್ತು, ಪಾಯಸ ಎರಡು ಸಲ ಹಾಕಿಸಿಕೊಂಡೆ. ಎಳ್ಳಷ್ಟೂ ಕಹಿಯಿಲ್ಲ. ಅಂದರೆ ದೋಷ ನನ್ನ ಬಾಯಿಯದ್ದಲ್ಲ, ಮನೆಯ ಅಡುಗೆಯದ್ದು ಎಂದು ಖಾತ್ರಿಯಾಯಿತು. ಕೈ ತೊಳೆಯುವಾಗ ಅಕ್ಕನ ಹತ್ತಿರ ಭರಣಿಯ ವಿಷಯ ಹೇಳಿದೆ. ಅವಳು ಯೋಚಿಸಲೂ ಇಲ್ಲ. ಸೊಸೆ ಮುಟ್ಟಾದಾಗ ಮುಟ್ಟಿದ್ದಾಳೆ, ಇನ್ನೇನು ಎಂದಳು. ಪಕ್ಕದಲ್ಲಿದ್ದ ಹೆಂಗಸರೆಲ್ಲ ಹೌದೌದು ಎಂದರು. ನನಗೂ ಹೌದೆನ್ನಿಸಿತು.

ಫೆಬ್ರವರಿ 12, ಬುಧವಾರ

ಇವತ್ತು ಕಣ್ಣಾರೆ ಕಂಡೆ. ಸಂಜೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಎಡಗಡೆ ಆಶಾ ನಿಂತಿದ್ದದ್ದು ಮೊದಲು ಕಾಣಲೇ ಇಲ್ಲ. ತಿರುಗಿದರೆ, ಭರಣಿಯ ಬಟ್ಟೆ ಬಿಚ್ಚಿ, ನಿಂತುಕೊಂಡೇ ಮಿಡಿ ತಿನ್ನುತ್ತಿದ್ದಾಳೆ. ಬರಿಗೈಯಲ್ಲಿ. ಸೊಸೈಟಿಯಿಂದ ಬೇಗ ಬಂದಿದ್ದಳಂತೆ.

ಮುಟ್ಟಬಾರದ ದಿನ ಮುಟ್ಟಿ ನನ್ನ ಹೆಂಡತಿಯ ಭರಣಿ ಕೆಡಿಸಿದೆ ಎಂದೆ. ಅವಳ ಮುಖ ಬಿಳಿಚಿಕೊಂಡಿತು. "ನಾ ಕೆಡಿಸ್ಲಿಲ್ಲ ಮಾವ. ಅದು ಕೆಟ್ಟೂ ಇಲ್ಲ" ಎಂದಳು. ಅದು ಕೆಟ್ಟೂ ಇಲ್ಲವಂತೆ. ಕನ್ನಮ್ಮನ ಕೈರುಚಿ ನನಗೆ ಗೊತ್ತೋ, ನಿನ್ನೆ ಮೊನ್ನೆ ಬಂದ ಇವಳಿಗೆ ಗೊತ್ತೋ. ಸಿಟ್ಟು ನೆತ್ತಿಗೇರಿತು. "ಮದುವೆಯಾಗಿ ನಾಲ್ಕು ವರ್ಷ ಆಯ್ತು. ಈ ಮನೆಗೆ ನೀ ತಂದದ್ದಾದ್ರೂ ಎಂತ? ಇದ್ದದ್ದನ್ನೂ ಹಾಳು ಮಾಡ್ದೆ" ಎಂದೆ.

ಅವಳು ಬಟ್ಟೆ ಕಟ್ಟಿ ಭರಣಿಯನ್ನು ಜಾಗದಲ್ಲಿಟ್ಟು ಕೋಣೆಗೆ ಹೋದಳು. ಮಾತು ಸ್ವಲ್ಪ ಹೆಚ್ಚಾಯಿತು. ಆದರೆ ಮನೆಯಲ್ಲಿ ಯಾರಾದರೂ ಒಬ್ಬರು ಹೇಳಬೇಕಲ್ಲ.

ಫೆಬ್ರವರಿ 14, ಶುಕ್ರವಾರ

ಸಚಿನ್ ಅವಳನ್ನು ತೀರ್ಥಹಳ್ಳಿಗೆ, ತವರಿಗೆ ಬಿಟ್ಟು ಬಂದ. ಕೆಲಸಕ್ಕೂ ರಜೆ ಹಾಕಿದ್ದಾಳಂತೆ. ಎಷ್ಟು ದಿನ ಎಂದು ಕೇಳಿದೆ. ಗೊತ್ತಿಲ್ಲ ಎಂದ. ಅವನು ನನ್ನ ಮುಖ ನೋಡುವುದಿಲ್ಲ.

ಹೋಗುವಾಗ ನನಗೆ ಹೇಳಿ ಹೋದಳು, ಅದು ಸುಳ್ಳಲ್ಲ. ಹನಿ ಬಾಟಲಿ ಕಿಟಕಿಯ ಬಿಸಿಲಿಗೆ ಇಡಬೇಡಿ, ಒಳಗಿಟ್ಟಿದ್ದೇನೆ ಎಂದಳು. ನಾನು ಪೇಪರ್ ಓದುತ್ತಿದ್ದೆ.

ಇವತ್ತಿನಿಂದ ನಾನೇ ಅಡುಗೆ. ಅದೂ ಕಹಿ. ಒಲೆಯ ಮುಂದೆ ಎಂದೂ ನಿಲ್ಲದವನ ಅಡುಗೆ ಕಹಿಯಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಫೆಬ್ರವರಿ 18, ಮಂಗಳವಾರ

ಭರಣಿ ಚೆಲ್ಲಿದೆ.

ಊಟಕ್ಕೆ ಕೂತು ಹನಿ ಬಿಟ್ಟುಕೊಂಡು, ಒಂದೇ ಒಂದು ಸಲ ನೋಡೋಣವೆಂದು ತಳದಿಂದ ಒಂದು ಮಿಡಿ ತೆಗೆದೆ. ಕಹಿ. ಮೊದಲಿಗಿಂತ ಹೆಚ್ಚೇ ಎನ್ನಿಸಿತು. ಕೆಟ್ಟುಹೋದದ್ದನ್ನು ಅವಳ ಎಡೆಗೆ ಇಡಲು ನನ್ನಿಂದಾಗದು. ಅವಳಿದ್ದಿದ್ದರೆ ಇಷ್ಟು ದಿನ ಇಟ್ಟುಕೊಳ್ಳಲೂ ಬಿಡುತ್ತಿರಲಿಲ್ಲ. ಹಿತ್ತಲಿಗೆ ಒಯ್ದು ದಾಸವಾಳದ ಬುಡಕ್ಕೆ ಸುರಿದೆ. ಭರಣಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆ.

ಸಂಜೆ ಸಚಿನ್ ಅದನ್ನು ನೋಡಿದ. "ಅಮ್ಮಂದನ್ನ ಎಂತಕ್ಕೆ ಚೆಲ್ಲಿದೆ ಅಪ್ಪಯ್ಯ?" ಎಂದ. ಕೆಟ್ಟಿತ್ತು ಎಂದೆ. ಚಪ್ಪಲಿ ಮೆಟ್ಟಿಕೊಂಡು ಮತ್ತೆ ಅಂಗಡಿಗೆ ಹೋದ.

ಫೆಬ್ರವರಿ 19, ಬುಧವಾರ

ಊಟ ಸೇರಲಿಲ್ಲ. ಅನ್ನದ ಮುಂದೆ ಕೂತರೆ ಕೈ ತಾನಾಗಿ ಭರಣಿಯ ಕಡೆ ಹೋಗುತ್ತದೆ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಉಪವಾಸ. ಊಟವಿಲ್ಲದಿದ್ದರೂ ಹನಿಯ ಹೊತ್ತಿಗೆ ಹನಿ ಬಿಟ್ಟು ಒಂದು ಲೋಟ ನೀರು ಕುಡಿದೆ. ನೀರೂ ಕಹಿ.

ನಮ್ಮ ಬಾವಿಯ ನೀರು ಸಾಗರದಲ್ಲಿ ಹೆಸರುವಾಸಿ. ಬರಿಯ ನೀರಿಗೆ ಯಾರೂ ಏನೂ ಹಾಕಿಲ್ಲ, ಯಾರೂ ಮುಟ್ಟಿಲ್ಲ. ಹಾಗಾದರೆ ನನ್ನ ಲಿವರೇ ಕೆಟ್ಟಿರಬೇಕು. ಅಪ್ಪನಿಗೂ ಕೊನೆಗಾಲಕ್ಕೆ ಬಾಯಿ ಕಹಿಯಾಗಿತ್ತು. ಸೋಮವಾರ ಹೇಗೂ ಡಾಕ್ಟರಮ್ಮ ಬರಹೇಳಿದ್ದಾರೆ, ಅವರನ್ನೇ ಕೇಳಬೇಕು. ಇಡೀ ದಿನ ಹೆದರಿಕೆಯಲ್ಲಿ ಕಳೆದೆ.

ಮಾರ್ಚ್ 3, ಸೋಮವಾರ

ಹನಿಯಿಂದ.

ಮಾರ್ಚ್ 4, ಮಂಗಳವಾರ

ನಿನ್ನೆ ಬರೆಯಲು ಆಗಲಿಲ್ಲ.

ಡಾಕ್ಟರಮ್ಮ ಕಣ್ಣಿನ ಒತ್ತಡ ಅಳೆದು, ಚೆನ್ನಾಗಿ ಇಳಿದಿದೆ ಎಂದು ಸಂತೋಷಪಟ್ಟರು. ನಾನು ಬಾಯಿ ಕಹಿಯ ವಿಷಯ ಹೇಳಿ, ಲಿವರಿಗೆ ಯಾರನ್ನು ನೋಡಲಿ ಎಂದು ಕೇಳಿದೆ. ಅವರು ಏನೂ ಆಶ್ಚರ್ಯಪಡಲಿಲ್ಲ. ಕಣ್ಣಿನಿಂದ ಮೂಗಿಗೆ ಒಂದು ಸಣ್ಣ ದಾರಿಯಿದೆಯಂತೆ. ಹನಿ ಅದರಲ್ಲಿಳಿದು ಗಂಟಲಿಗೆ ಬರುತ್ತದೆ. ಈ ಬಿಳಿ ಔಷಧಿಯಿಂದ ಕೆಲವರಿಗೆ ಬಾಯಿ ಕಹಿಯಾಗುತ್ತದೆ, ಅದರ ಹಿಂದೆಯೇ ತಿಂದದ್ದೆಲ್ಲ ಕಹಿಯೆನ್ನಿಸುತ್ತದೆ. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒತ್ತಿ ಹಿಡಿದರೆ ಒಳಗಿಳಿಯುವುದು ಕಡಿಮೆ. ಊಟಕ್ಕೂ ಹನಿಗೂ ನಡುವೆ ಹೊತ್ತು ಬಿಡಬೇಕು. ಇದನ್ನೆಲ್ಲ ನರ್ಸ್ ಮೊದಲ ದಿನವೇ ಹೇಳಿರಬೇಕಲ್ಲ ಎಂದರು. ಹೇಳಿದ್ದಳು ಎಂದೆ.

ಇವತ್ತು ಹನಿ ಬಿಡುವ ಮೊದಲು ಗಂಜಿ ಉಂಡೆ. ಉಪ್ಪು ಹಾಕಿದ ಬರಿಯ ಗಂಜಿ. ಸ್ವಲ್ಪವೂ ಕಹಿಯಿರಲಿಲ್ಲ. ತಟ್ಟೆ ಅಲ್ಲೇ ಬಿಟ್ಟು ಹಿತ್ತಲಿಗೆ ಹೋದೆ. ದಾಸವಾಳದ ಬುಡವನ್ನು ಪಕ್ಕದ ಮನೆಯ ಕೋಳಿಗಳು ಕೆದಕಿ ಹಾಕಿದ್ದವು. ಕೂತು ಕೈಯಲ್ಲಿ ಮಣ್ಣು ಸರಿಸಿ ನೋಡಿದೆ. ಇರುವೆ ಬಿಟ್ಟರೆ ಏನೂ ಇರಲಿಲ್ಲ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ, ಅಂಗಡಿಯಿಂದ ಊಟಕ್ಕೆ ಬಂದ ಸಚಿನ್ ತೋಳು ಹಿಡಿದು ಎಬ್ಬಿಸಿದ.

ಅವನಿಗೆ ಎಲ್ಲ ಹೇಳಿದೆ. ಅವನು ನನ್ನ ಮಣ್ಣಾದ ಕೈಗೆ ನೀರು ಹೊಯ್ದ. ಆಮೇಲೆ, "ಆಶಾಗೆ ಮೂರು ತಿಂಗ್ಳು ತುಂಬ್ತು ಅಪ್ಪಯ್ಯ" ಎಂದ. ಎರಡು ವರ್ಷದ ಹಿಂದೆ ಒಂದು ಬಸಿರು ನಿಲ್ಲದೆ ಹೋಗಿತ್ತು. ಆಗ ಊರಿಗೆಲ್ಲ ಬೇಗ ಹೇಳಿಬಿಟ್ಟೆವು ಎಂಬ ಕೊರಗು ಅವಳಿಗೆ. ಈ ಸಲ ಮೂರು ತುಂಬುವ ತನಕ ಬಾಯಿ ಬಿಡುವುದು ಬೇಡವೆಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. "ಎಂತ ತಿಂದ್ರೂ ವಾಂತಿ. ಅಮ್ಮನ ಮಿಡಿ ಇದ್ರೆ ಮಾತ್ರ ಎರಡು ತುತ್ತು ಅನ್ನ ಒಳಗೆ ಹೋಗ್ತಿತ್ತು" ಎಂದ.

ಬಸುರಿಯನ್ನು ಹಿಡಿದು ಮುಟ್ಟಾದಾಗ ಮುಟ್ಟಿದೆ ಎಂದೆ. ಬಸುರಿಯನ್ನು ಹಿಡಿದು ಈ ಮನೆಗೆ ಎಂತ ತಂದೆ ಎಂದೆ. ಮೂಗು ಮುಚ್ಚಿಕೊಂಡು ನನಗೆ ಒಗ್ಗರಣೆ ಹಾಕುತ್ತಿದ್ದವಳನ್ನು.

ಮಾರ್ಚ್ 8, ಶನಿವಾರ

ತೀರ್ಥಹಳ್ಳಿಗೆ ಹೋಗಿ ಬಂದೆ. ಹೊಸನಗರದಲ್ಲಿ ಬಸ್ಸು ಬದಲಾಯಿಸುವಾಗ, ವಾಪಸು ಹೋಗಿಬಿಡಲೇ ಎಂದು ಒಂದು ಸಲ ಅನ್ನಿಸಿತು. ಹೋಗಿ ಹೇಳುವುದೇನು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಅವರ ಅಂಗಳ ಕಂಡ ಕೂಡಲೇ ಹಾರಿಹೋಯಿತು.

ಆಶಾಳ ಅಮ್ಮ ಯಮುನಮ್ಮ ಬಾಗಿಲಲ್ಲೇ ಇದ್ದರು. ಬನ್ನಿ ಅಣ್ಣಯ್ಯ ಎಂದರು, ನಗಲಿಲ್ಲ. ಆಶಾ ಬಂದು ಗೋಡೆಗೊರಗಿ ಕೂತಳು. ಇಳಿದುಹೋಗಿದ್ದಾಳೆ. ನಾನು ಹನಿಯ ಕಥೆಯನ್ನು ಮೊದಲಿಂದ ಹೇಳಿದೆ. ಬಿಳಿ ಬಾಟಲಿ, ಊಟಕ್ಕೆ ಮುಂಚೆ ಬಿಟ್ಟುಕೊಂಡದ್ದು, ತಾಳಗುಪ್ಪದಲ್ಲಿ ಮರೆತದ್ದು, ನೀರೂ ಕಹಿಯಾದದ್ದು. ಭರಣಿ ಚೆಲ್ಲಿದ್ದನ್ನೂ ಹೇಳಿದೆ. ಅದು ಅವಳಿಗೆ ಸಚಿನ್‌ನಿಂದ ಗೊತ್ತಿತ್ತು. ತಪ್ಪು ನನ್ನದು, ಎಲ್ಲ ಆ ಔಷಧಿಯಿಂದ ಆಯಿತು ಎಂದೆ.

ಅವಳು ತಲೆ ಎತ್ತಿದಳು. "ಮಿಡಿ ಕಹಿ ಆಗಿದ್ದು ಔಷಧಿಯಿಂದ ಮಾವ, ಒಪ್ತೀನಿ. ಈ ಮನೆಗೆ ಎಂತ ತಂದೆ ಅಂತ ಕೇಳಿದ್ರಲ್ಲ, ಅದೂ ಔಷಧಿಯಿಂದಾನಾ?"

ಅವಳು ಜೋರಾಗಿ ಕೇಳಲಿಲ್ಲ, ಜಗಳಕ್ಕೂ ಕೇಳಲಿಲ್ಲ. ಕೇಳಿ, ಎದ್ದು ಹೋಗಿ ನನಗೆ ಎಲೆ ಹಾಕಿದಳು. ಹೆರಿಗೆಯಾಗುವ ತನಕ ಇಲ್ಲೇ ಇರುತ್ತೇನೆ, ಅತ್ತೆಯ ವರ್ಷಾಂತಿಕಕ್ಕೂ ಬರುವುದಿಲ್ಲ ಎಂದಳು.

ಉಂಡು ಹೊರಡುವಾಗ ಅಂಗಳದಲ್ಲಿ ನಿಂತು, ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ. ಕೊನೆಕೊನೆಗೆ ಆ ಮಿಡಿ ಹೇಗಿತ್ತು, ನೀನಾದರೂ ಹೇಳು ಎಂದೆ. ಆಶಾ ಬಾಗಿಲ ಚೌಕಟ್ಟಿಗೆ ಒರಗಿದಳು. "ಮೊದ್ಲು ಉಪ್ಪು ಗೊತ್ತಾಗ್ತದೆ. ಹಲ್ಲಿಟ್ಟ ಕೂಡ್ಲೆ ಸೊನೆ ಪರಿಮಳ ಮೂಗಿಗೆ ಬರ್ತದೆ. ಹುಳಿ ನಿಧಾನ. ಖಾರ ಇತ್ತು ಅಂತ ತಿಳಿಯೋದು ನುಂಗಿದ್ಮೇಲೆ. ಮೇಲಿಂದಕ್ಕಿಂತ ತಳದ್ದು ಇನ್ನೂ ಚೆನಾಗಿತ್ತು ಮಾವ" ಎಂದಳು. ಹೇಳುತ್ತಾ ಅವಳ ಬಾಯಲ್ಲಿ ನೀರೂರಿತು. ನುಂಗಿಕೊಂಡು ಒಳಗೆ ಹೋದಳು.

ಬಸ್ಸಿನಲ್ಲಿ ಪಕ್ಕದಲ್ಲಿದ್ದವರು ನನ್ನ ಕಣ್ಣು ನೋಡಿ, ಏನಾಗಿದೆ ಎಂದು ಕೇಳಿದರು. ಹನಿ ಬಿಡುತ್ತೇನೆ, ಅದಕ್ಕೆ ಹೀಗೆ ಎಂದೆ. ನಂಬಿದರು.

ಮಾರ್ಚ್ 16, ಭಾನುವಾರ

ಮೂಗಿನ ಮೂಲೆ ಒತ್ತಿ ಹಿಡಿಯುವುದು ಅಭ್ಯಾಸವಾಗಿದೆ. ಊಟ ಮುಗಿದು ಬಹಳ ಹೊತ್ತಾದ ಮೇಲೆ ಬಿಡುತ್ತೇನೆ. ಕಣ್ಣಿನ ಸುತ್ತ ಕಪ್ಪಾಗಿದೆ, ರೆಪ್ಪೆಗೂದಲು ಹೆಂಗಸರ ಹಾಗೆ ಉದ್ದಕ್ಕೆ ಬೆಳೆದಿದೆ, ಅದು ರಾತ್ರಿಯ ಹನಿಯದ್ದಂತೆ. ಇರಲಿ. ಬಾಯಲ್ಲಿ ಕಹಿ ಇಲ್ಲವೆಂದರೂ ನಡೆಯುತ್ತದೆ.

ದುರ್ಗೇಶ ಫೋನ್ ಮಾಡಿದ್ದ. ಮರ ಈ ವರ್ಷವೂ ಕಾಯಿ ಕಚ್ಚಲಿಲ್ಲವಂತೆ. ಅಕ್ಕನ ಭರಣಿಯಲ್ಲಿ ಎಡೆಗೆ ಆಗುವಷ್ಟು ಇದೆಯಲ್ಲ ಬಾವ ಎಂದು ಕೇಳಿದ. ಬಾ, ಬಂದ ಮೇಲೆ ಮಾತಾಡೋಣ ಎಂದೆ.

ಮಾರ್ಚ್ 23, ಭಾನುವಾರ

ಕನ್ನಮ್ಮನ ವರ್ಷಾಂತಿಕವಾಯಿತು.

ವಿಶಾಲಮ್ಮ ಹಿಂದಿನ ದಿನವೇ ಬಂದು ಅಡುಗೆ ಹಿಡಿದಿದ್ದಳು. ನಿಟ್ಟೂರಿನಿಂದ ದುರ್ಗೇಶ ಮತ್ತು ಅವನ ಮನೆಯವರು ಬಂದರು. ಫೋಟೋದ ಮುಂದೆ ದೀಪ ಹಚ್ಚಿ ಎಲೆ ಹಾಕಿದೆವು. ಅನ್ನ, ಕೊಟ್ಟೆ ಕಡುಬು, ಅವಳಿಗೆ ಪ್ರಾಣವಾಗಿದ್ದ ಮೀನು ಸಾರು, ಪಾಯಸ. ಬಡಿಸುತ್ತಿದ್ದವನು ನಾನೇ. ಎಲೆಯ ತುದಿಗೆ ಉಪ್ಪು ಹಾಕಿದೆ. ಅದರ ಪಕ್ಕಕ್ಕೆ ಬಂದಾಗ ಕೈ ನಿಂತಿತು. ಮಿಡಿ ಎಲ್ಲಿ ಬಾವ ಎಂದು ದುರ್ಗೇಶ ಕೇಳಿದ.

ನಾನು ಹೇಳುವ ಮೊದಲೇ ವಿಶಾಲಮ್ಮ ಹೇಳಿದಳು, ಅದು ಕೆಟ್ಟುಹೋಯಿತಲ್ಲ, ಸೊಸೆ ಮುಟ್ಟಿ. ಮಾಡಿದ್ದು ಮಾಡಿ ಈಗ ಎಡೆಗೂ ಬರಲಿಲ್ಲ ನೋಡು ಎಂದಳು. ಎಲ್ಲರೂ ತಲೆಯಾಡಿಸಿದರು. ತಾಳಗುಪ್ಪದ ಮದುವೆಯಲ್ಲಿ ನಾನು ಬಿತ್ತಿ ಬಂದ ಮಾತು ನಿಟ್ಟೂರಿಗೂ ತಲುಪಿತ್ತು.

"ಇಲ್ಲ ಅಕ್ಕ. ಮಿಡಿ ಕೆಟ್ಟಿರ್ಲಿಲ್ಲ" ಎಂದೆ. ಕೂತವರೆಲ್ಲ ನನ್ನ ಕಡೆ ನೋಡಿದರು. "ಆಶಾ ಬಸುರಿ. ಮುಟ್ಟಬಾರ್ದ ದಿನ ಅನ್ನೋದೇ ಅವಳಿಗೆ ಇರ್ಲಿಲ್ಲ. ನನ್ನ ಕಣ್ಣಿನ ಔಷಧಿ ಬಾಯಿಗೆ ಇಳಿದು ಎಲ್ಲ ಕಹಿ ಆಗ್ತಿತ್ತು. ಅದನ್ನ ನಾ ಅವಳ ತಲೆಗೆ ಕಟ್ಟಿದೆ. ಆಡಬಾರದ್ದು ಆಡಿ ಕಳಿಸ್ದೆ. ಒಳ್ಳೇ ಮಿಡಿನ ನಾನೇ ಚೆಲ್ಲಿದೆ."

ವಿಶಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದುರ್ಗೇಶ ಎದ್ದು ಹೋಗಿ ಬಾವಿಕಟ್ಟೆಯಲ್ಲಿ ಮುಖ ತೊಳೆದುಕೊಂಡು ಬಂದ. ಸಚಿನ್ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ಉಳಿದದ್ದನ್ನು ತಾನೇ ಬಡಿಸಿದ. ಉಪ್ಪಿನ ಪಕ್ಕದ ಜಾಗವನ್ನು ಹಾಗೇ ಬಿಟ್ಟ. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು, ಅವಳು ಬಂದು ಉಣ್ಣಲಿ ಎಂದು.

ಆಗ ಸಚಿನ್ ಅಂಗಳದ ಮೂಲೆಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದ. ಬಂದು, ನೀನು ಎಲ್ಲರೆದುರು ಹೇಳಿದ್ದನ್ನು ಆಶಾಗೆ ತಿಳಿಸಿದ್ದೇನೆ ಎಂದ. ಏನೆಂದಳು ಎಂದು ಕೇಳಿದೆ. ಇವತ್ತಿನ ಗಡಿಬಿಡಿಯಲ್ಲಿ ಮಾವ ಹನಿ ಮರೆತಾರು, ನೆನಪು ಮಾಡು ಎಂದಳಂತೆ.

ಎಡೆಯ ಎಲೆಯಲ್ಲಿ ಮನೆಯ ಯಜಮಾನ ಉಣ್ಣಬೇಕು. ಉಂಡೆ. ಮೀನು ಸಾರಿನ ಹುಳಿ, ಕಡುಬಿನ ಉಪ್ಪು, ಪಾಯಸದ ಬೆಲ್ಲ, ಎಲ್ಲವೂ ನಾಲಿಗೆಗೆ ಸರಿಯಾಗಿಯೇ ಸಿಕ್ಕಿದವು.

ಕನ್ನಮ್ಮ, ಅವರ ಮುಂದೆ ಎಲ್ಲ ಹೇಳಿದೆ, ಒಂದು ಹೇಳಲಿಲ್ಲ. ಭರಣಿ ಚೆಲ್ಲುವ ದಿನ ತಳದಿಂದ ತೆಗೆದು ಬಾಯಿಗಿಟ್ಟುಕೊಂಡೆನಲ್ಲ, ನಿನ್ನ ಕೈಯದ್ದನ್ನು ನಾನು ತಿಂದದ್ದು ಅದೇ ಕೊನೆ. ಅದನ್ನು ನುಂಗಲಿಲ್ಲ. ಹಿತ್ತಲಿಗೆ ಹೋಗಿ ಉಗಿದೆ. ಆಮೇಲೆ ಬಾಯಿ ಮುಕ್ಕಳಿಸಿದೆ.